ಐದಕ್ಕೇ ಕತ್ತಲಾಗುವ ಊರಿನಲ್ಲಿ

ಮಂಗಳವಾರ, ಪೋರ್ಟ್ ಬ್ಲೇರ್

ಮದುವೆಯಾದ ಹೊಸದರಲ್ಲಿ ಇವರು ಅಂಡಮಾನ್ ತೋರಿಸುತ್ತೇನೆ ಎಂದಿದ್ದರು. ಆಮೇಲೆ ನಾದಿನಿಯ ಮದುವೆ ಬಂತು, ಮನೆ ಸಾಲ ಬಂತು, ಮಕ್ಕಳ ಪರೀಕ್ಷೆಗಳು ಬಂದವು, ಮಾವನವರ ಕಾಯಿಲೆ ಬಂತು. ಇವರು ನಿವೃತ್ತರಾಗುವ ಹೊತ್ತಿಗೆ ದ್ವೀಪಗಳ ಹೆಸರೇ ಬದಲಾಗಿಹೋಗಿತ್ತು. 2018ರ ಕೊನೆಯಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಅಲ್ಲಿನ ಆಟೋದವರು, ಅಂಗಡಿಯವರು ಈಗಲೂ ಹಳೆಯ ಹೆಸರುಗಳಲ್ಲೇ ಮಾತನಾಡುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ವಿಮಾನ ಇಳಿದಾಗ ಮಧ್ಯಾಹ್ನ. ಡಿಸೆಂಬರ್ ಆರಂಭವಾದರೂ ಬೆನ್ನಿಗೆ ಸೀರೆ ಅಂಟುವಷ್ಟು ಸೆಕೆ. ಕೋಣೆಗೆ ಹೋಗಿ ಸ್ನಾನ ಮಾಡಿ, ಒಂದಿಷ್ಟು ಮಲಗಿ ಎದ್ದು, ಆರಕ್ಕೆ ಊರು ನೋಡೋಣ ಎಂದು ಇವರು ಯೋಜನೆ ಹಾಕಿದ್ದರು. ನಮ್ಮನ್ನು ಕರೆದೊಯ್ಯಲು ಬಂದಿದ್ದ ಕಾರಿನ ಹುಡುಗ ನಕ್ಕುಬಿಟ್ಟ. "ಆರಕ್ಕೆ ಏನು ನೋಡುತ್ತೀರಿ ಅಂಕಲ್? ಐದಕ್ಕೆಲ್ಲ ಸೂರ್ಯ ಹೋಗಿರುತ್ತಾನೆ." ಈ ದ್ವೀಪಗಳು ನಮ್ಮಿಂದ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ದೇಶದ್ದೇ. ಡಿಸೆಂಬರಿನಲ್ಲಿ ಬೆಳಿಗ್ಗೆ ಐದೂವರೆಗೆ ಬಿಸಿಲು ಬಂದರೆ ಸಂಜೆ ಐದಕ್ಕೆ ದೀಪ ಹಚ್ಚಬೇಕು. ಮೂವತ್ತು ವರ್ಷ ಕಚೇರಿಯ ಗಡಿಯಾರ ನೋಡಿಕೊಂಡು ಬದುಕಿದ ಮನುಷ್ಯನಿಗೆ ಇದು ಜೀರ್ಣವಾಗಲು ಪ್ರವಾಸ ಪೂರ್ತಿ ಬೇಕಾಯಿತು. ಅಲ್ಲಿಗೆ ಹೋಗುವವರು ನಿದ್ದೆಯನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗುವುದು ಒಳ್ಳೆಯದು. ಅಲ್ಲಿ ಬೆಳಗಿನ ಹೊತ್ತೇ ಬಂಡವಾಳ.

ಮಲಗುವುದನ್ನು ಬಿಟ್ಟು ನೇರವಾಗಿ ಸೆಲ್ಯುಲರ್ ಜೈಲಿಗೆ ಹೋದೆವು. 1896ರಲ್ಲಿ ಕಟ್ಟಲು ಶುರು ಮಾಡಿ 1906ರಲ್ಲಿ ಮುಗಿಸಿದ ಕಟ್ಟಡ. ನಡುವಿನ ಗೋಪುರದಿಂದ ಏಳು ದಿಕ್ಕಿಗೆ ಏಳು ಸಾಲು, ಪ್ರತಿಯೊಂದೂ ಮೂರಂತಸ್ತು, ಒಟ್ಟು 690ಕ್ಕೂ ಹೆಚ್ಚು ಕೋಣೆಗಳು. ಈಗ ಉಳಿದಿರುವುದು ಮೂರು ಸಾಲು ಮಾತ್ರ. ಒಂದು ಸಾಲಿನ ಮುಖ ಮುಂದಿನ ಸಾಲಿನ ಬೆನ್ನಿಗೆ ಬರುವಂತೆ ಕಟ್ಟಿದ್ದಾರೆ. ಒಬ್ಬ ಕೈದಿ ಇನ್ನೊಬ್ಬನ ಮುಖವನ್ನೂ ನೋಡಬಾರದು. ನಾನು ಬಹಳ ಹೊತ್ತು ನಿಂತದ್ದು ಒಂದು ಚಿಲಕದ ಮುಂದೆ. ಕಬ್ಬಿಣದ ಸರಳಿನ ಬಾಗಿಲು ಇಲ್ಲಿ. ಅದರ ಅಗುಳಿ ಬಾಗಿಲಿನಿಂದ ಆಚೆಗೆ ಚಾಚಿ, ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಹೋಗಿ ಕೂರುತ್ತದೆ. ಇವರು ಒಳಗೆ ನಿಂತು ಸರಳಿನ ಸಂದಿಯಿಂದ ತೋಳು ಹಾಕಿ ನೋಡಿದರು. ಭುಜದವರೆಗೂ ತೂರಿಸಿದರೂ ಬೆರಳು ತಲುಪಲಿಲ್ಲ. ಯಾರೋ ಒಬ್ಬ ಎಂಜಿನಿಯರ್ ಮನುಷ್ಯನ ತೋಳಿನ ಉದ್ದವನ್ನು ಅಳೆದುಕೊಂಡೇ ಆ ಗೂಡನ್ನು ಎಲ್ಲಿ ಕೊರೆಯಬೇಕು ಎಂದು ತೀರ್ಮಾನಿಸಿದ್ದಾನೆ.

ಅಂಗಳದಲ್ಲಿ ಗಾಣದ ಮಾದರಿ ಇದೆ. ಎತ್ತು ಸುತ್ತಬೇಕಾದ ಗಾಣಕ್ಕೆ ಮನುಷ್ಯರನ್ನು ಹೂಡುತ್ತಿದ್ದರು. ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ, ನಮ್ಮ ಲೆಕ್ಕದಲ್ಲಿ ಹದಿಮೂರೂವರೆ ಕಿಲೋ, ತೆಗೆದೇ ತೀರಬೇಕಿತ್ತು. ಕತ್ತಲಾದ ಮೇಲೆ ಅದೇ ಅಂಗಳದಲ್ಲಿ ಧ್ವನಿ ಬೆಳಕಿನ ಪ್ರದರ್ಶನ. ಅಲ್ಲಿನ ಹಳೆಯ ಅರಳಿಮರವೇ ಕಥೆ ಹೇಳುತ್ತದೆ. ಧ್ವನಿ ಸ್ವಲ್ಪ ಜೋರಾಯಿತು, ಸಂಗೀತ ಇನ್ನೂ ಜೋರಾಯಿತು. ಬರಿಯ ಕತ್ತಲಲ್ಲಿ ಆ ಸಾಲುಗಳನ್ನು ನೋಡುತ್ತ ಕೂರಿಸಿದ್ದರೂ ಸಾಕಿತ್ತು ಎಂದು ನನಗನ್ನಿಸಿತು. ಇವರಿಗೆ ಇಷ್ಟವಾಯಿತು; ಜಗಳವಾಡುವಷ್ಟು ತ್ರಾಣ ಇಬ್ಬರಿಗೂ ಇರಲಿಲ್ಲ.

ಬುಧವಾರ, ಹ್ಯಾವ್‌ಲಾಕ್

ಬೆಳಗಿನ ದೋಣಿ. ದೋಣಿ ಎಂದರೆ ಹವಾನಿಯಂತ್ರಿತ, ಗಾಜು ಮುಚ್ಚಿದ ಕ್ಯಾಟಮರಾನ್. ಒಂದೂವರೆ ಗಂಟೆಯ ದಾರಿ. ಸರ್ಕಾರಿ ಹಡಗು ಇನ್ನೂ ನಿಧಾನ, ಆದರೆ ಅದರಲ್ಲಿ ಮೇಲಟ್ಟಕ್ಕೆ ಹೋಗಿ ಗಾಳಿಗೆ ನಿಲ್ಲಬಹುದು. ಅದರ ಟಿಕೆಟ್ ನಮಗೆ ದಕ್ಕಲಿಲ್ಲ. ಹೊರಡುವ ಅರ್ಧ ಗಂಟೆ ಮೊದಲೇ ವಾಂತಿಯ ಮಾತ್ರೆ ನುಂಗಿದ್ದೆವು. ಸಮುದ್ರಕ್ಕೆ ಬಿದ್ದ ಮೇಲೆ ನುಂಗುತ್ತೇವೆ ಎಂದುಕೊಂಡ ಹಿಂದಿನ ಸಾಲಿನ ಕುಟುಂಬದ ಪಾಡನ್ನು ಇಲ್ಲಿ ಬರೆಯುವುದಿಲ್ಲ.

ಜೆಟ್ಟಿಯ ಹತ್ತಿರವೇ ಸ್ಕೂಟರ್ ಬಾಡಿಗೆಗೆ ಸಿಕ್ಕಿತು. ಹ್ಯಾವ್‌ಲಾಕಿನ ಊರುಗಳ ಹೆಸರು ಕೇಳಿದರೆ ದಶಮಸ್ಕಂಧ ಓದಿದ ಹಾಗಾಗುತ್ತದೆ: ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು 1950ರ ದಶಕದಲ್ಲಿ ಇಲ್ಲಿ ನೆಲೆಗೊಳಿಸಿದರು. ಪ್ರವಾಸಿಗಳಿಗೆ ಅದೇ ತೀರಗಳು ಮೂರನೇ ನಂಬರು, ಐದನೇ ನಂಬರು, ಏಳನೇ ನಂಬರು.

ಏಳನೇ ನಂಬರಿನ ರಾಧಾನಗರಕ್ಕೆ ಹೋಗುವ ದಾರಿಯೇ ನನಗೆ ಆ ದಿನದ ದೊಡ್ಡ ಊಟ. ಕೊಯ್ಲಿಗೆ ಬಂದ ಗದ್ದೆ, ಗದ್ದೆಯ ಅಂಚಿಗೆ ಅಡಿಕೆ, ಅಡಿಕೆಯ ಹಿಂದೆ ತೆಂಗು, ಅದರ ಹಿಂದೆ ಇದ್ದಕ್ಕಿದ್ದಂತೆ ಎದ್ದು ನಿಂತ ಕಾಡು. ಒಬ್ಬಾಕೆ ರಸ್ತೆಯ ಒಂದು ಮಗ್ಗುಲಿಗೇ ಅಡಿಕೆ ಹರವಿ ಒಣಗಿಸುತ್ತಿದ್ದಳು. ಇವರು ಸ್ಕೂಟರ್ ನಿಲ್ಲಿಸಿ, ಒಂದನ್ನು ಕೈಗೆತ್ತಿಕೊಂಡು, ಉಗುರಿನಿಂದ ಕೆರೆದು, ಇನ್ನೂ ನಾಲ್ಕು ಬಿಸಿಲು ಬೇಕು ಎಂದು ಕನ್ನಡದಲ್ಲೇ ತೀರ್ಪು ಕೊಟ್ಟರು. ಆಕೆ ಬಂಗಾಳಿಯಲ್ಲಿ ಏನೋ ಹೇಳಿದಳು. ಇಬ್ಬರೂ ತಲೆಯಾಡಿಸಿದರು.

ರಾಧಾನಗರದ ತೀರವನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರ ಎಂದು ಕರೆದ ಮೇಲೆ ಅದರ ನಸೀಬು ಬದಲಾಯಿತು. 2020ರಲ್ಲಿ, ಸ್ವಚ್ಛ ತೀರಗಳಿಗೆ ಕೊಡುವ ನೀಲಿ ಧ್ವಜ ಪಡೆದ ಭಾರತದ ಎಂಟು ತೀರಗಳಲ್ಲಿ ಇದೂ ಒಂದು. ನಮ್ಮ ಕಾಸರಕೋಡು, ಪಡುಬಿದ್ರಿಯೂ ಅದೇ ಪಟ್ಟಿಯಲ್ಲಿವೆ. ಹೊಗಳಿಕೆ ಕೇಳಿ ಕೇಳಿ ಹೋದವರಿಗೆ ಸಾಮಾನ್ಯವಾಗಿ ನಿರಾಸೆಯೇ ಕಾದಿರುತ್ತದೆ. ಇಲ್ಲಿ ಹಾಗಾಗಲಿಲ್ಲ. ಕಾರಣ ಮರಳಲ್ಲ, ನೀರಲ್ಲ, ಮರಗಳು. ದಡದ ಅಂಚಿಗೇ ಬಂದು ನಿಂತ ಭಾರೀ ಮರಗಳ ಕಾಡು, ಅದರ ನೆರಳು ಮುಗಿಯುವಲ್ಲಿಂದಲೇ ಮರಳು. ಸಮುದ್ರಕ್ಕೆ ಬೆನ್ನು ಹಾಕಿ ಕೂತರೂ ಬೇಸರವಾಗುವುದಿಲ್ಲ. ಮೊಸಳೆಯ ಎಚ್ಚರಿಕೆ ಫಲಕವೂ ಇದೆ, ಅದು ತಮಾಷೆಗೆ ಹಾಕಿದ್ದಲ್ಲ. ಉಪ್ಪುನೀರಿನ ಮೊಸಳೆಗಳು ಈ ದ್ವೀಪಗಳ ಮೂಲನಿವಾಸಿಗಳು. ಕಾವಲಿನವರು ಸೀಟಿ ಊದಿದರೆ ಮೇಲೆ ಬರಬೇಕು, ವಾದ ಮಾಡಬಾರದು.

ಐದಕ್ಕೆ ಸರಿಯಾಗಿ ಸೂರ್ಯ ನೀರಿಗಿಳಿದ. ಹತ್ತು ನಿಮಿಷದಲ್ಲಿ ಜನವೆಲ್ಲ ಖಾಲಿ. ನಾವು ಇನ್ನೂ ಕೂತೇ ಇದ್ದೆವು, ಮರಳುನೊಣಗಳಿಗೆ ಅದೇ ಬೇಕಿತ್ತು. ಕಚ್ಚುವಾಗ ಗೊತ್ತೇ ಆಗುವುದಿಲ್ಲ. ರಾತ್ರಿ ಕಾಲು ತುಂಬ ಕೆಂಪು ಗುಳ್ಳೆ. ವಸತಿಗೃಹದ ಅಡುಗೆಯವರು ಕೊಬ್ಬರಿ ಎಣ್ಣೆಯ ಬಾಟಲಿ ತಂದಿಟ್ಟು, ಇದನ್ನು ಕಚ್ಚಿದ ಮೇಲಲ್ಲ, ಹೋಗುವ ಮೊದಲೇ ಹಚ್ಚಿಕೊಳ್ಳಬೇಕು ಎಂದರು.

ಗುರುವಾರ, ಹ್ಯಾವ್‌ಲಾಕ್

ಸ್ಕೂಬಾ ಮಾಡುವುದು ಇವರ ಆಸೆ. ಇವರು ಈಜು ಬಲ್ಲವರು. ನಾನು ಕೆರೆಗೆ ಇಳಿದವಳೇ ಅಲ್ಲ. ಆದರೆ ಮುಳುಗುವ ಮುನ್ನ ಒಂದು ಅರ್ಜಿ ತುಂಬಿಸುತ್ತಾರೆ: ಆಸ್ತಮಾ ಇದೆಯೇ, ಹೃದಯದ ತೊಂದರೆ ಇದೆಯೇ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಾ? ಇವರು ಪ್ರಾಮಾಣಿಕರಾಗಿ ಹೌದು ಎಂದು ಗೆರೆ ಎಳೆದರು. ವೈದ್ಯರ ಪತ್ರವಿಲ್ಲದೆ ಇಳಿಸುವುದಿಲ್ಲ ಎಂದರು ಅಲ್ಲಿಯ ಹುಡುಗರು. ಮಾತ್ರೆ ನುಂಗುವ ವಯಸ್ಸಿನವರು ಊರು ಬಿಡುವ ಮೊದಲೇ ತಮ್ಮ ವೈದ್ಯರಿಂದ ಒಂದು ಚೀಟಿ ಬರೆಸಿಕೊಂಡರೆ ಆ ಮುಖ ಮಾಡಿಕೊಂಡು ದಡದಲ್ಲಿ ಕೂರುವುದು ತಪ್ಪುತ್ತದೆ. ಈಜು ಬಾರದವರಿಗೆ ಅಡ್ಡಿಯಿಲ್ಲವಂತೆ! ಹಾಗಾಗಿ ನಾನೊಬ್ಬಳೇ ಹೊರಟೆ.

ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ಬಾಯಿಯಿಂದ ಉಸಿರಾಡುವುದನ್ನು, ಮೂಗು ಹಿಡಿದು ಕಿವಿಯ ಒತ್ತಡ ಬಿಡಿಸುವುದನ್ನು ಕಲಿಸಿದರು. ಹೆಬ್ಬೆರಳು ಎತ್ತಿದರೆ ಚೆನ್ನಾಗಿದೆ ಎಂದಲ್ಲ, ಮೇಲಕ್ಕೆ ಕರೆದುಕೊಂಡು ಹೋಗಿ ಎಂದು ಅರ್ಥ. ನನಗಿಂತ ಮುಂಚೆ ಇಳಿದಿದ್ದ ಹುಡುಗನೊಬ್ಬ ಮೀನು ಕಂಡ ಖುಷಿಗೆ ಮತ್ತೆ ಮತ್ತೆ ಹೆಬ್ಬೆರಳೆತ್ತಿ, ಮತ್ತೆ ಮತ್ತೆ ಮೇಲೆ ಬರುತ್ತಿದ್ದ.

ಒಳಗೆ ಮೌನವಿರುತ್ತದೆ ಎಂದುಕೊಂಡಿದ್ದೆ. ಮೌನವೆಲ್ಲಿ? ನನ್ನದೇ ಉಸಿರಿನ ಗುಳುಗುಳು, ಅದರ ಹಿಂದೆ ಎಣ್ಣೆಗೆ ಸಾಸಿವೆ ಬಿದ್ದಂತೆ ನಿಲ್ಲದ ಚಟಪಟ. ಗಿಳಿಮೀನುಗಳು ಹವಳದ ಬಂಡೆಯನ್ನು ಕಚ್ಚಿ ಕೆರೆಯುವುದು ಕಿವಿಗೇ ಕೇಳುತ್ತದೆ. ಕೊಕ್ಕಿನಂಥ ಬಾಯಿಯಿಂದ ಒಂದು ತುಂಡು ಕಚ್ಚಿದ ಮೀನು, ಸ್ವಲ್ಪ ದೂರ ಹೋಗಿ ಹಿಂದಿನಿಂದ ಬಿಳಿ ಮರಳಿನ ಮೋಡ ಬಿಟ್ಟಿತು. ನಾವು ಹೊಗಳುವ ಆ ಬಿಳಿ ಮರಳಿನಲ್ಲಿ ಒಂದು ಪಾಲು ಹೀಗೆ ಮೀನಿನ ಹೊಟ್ಟೆಯಿಂದ ಬಂದದ್ದೇ. ಬಂಡೆಯ ಸಂದಿಯಲ್ಲಿ ದೊಡ್ಡ ಚಿಪ್ಪೊಂದು ನೇರಳೆ ತುಟಿ ಬಿಚ್ಚಿ ಕೂತಿತ್ತು. ಕಲಿಸುವ ಹುಡುಗ ಅದರ ಮೇಲೆ ಕೈಯ ನೆರಳು ಆಡಿಸಿದ್ದಷ್ಟೇ, ತಟಕ್ಕನೆ ಮುಚ್ಚಿತು. ಎಲ್ಲ ಕಡೆ ಬಣ್ಣವಿರಲಿಲ್ಲ ಎಂಬುದನ್ನೂ ಹೇಳಬೇಕು. ಬೂದು ಬಣ್ಣಕ್ಕೆ ತಿರುಗಿ ಸತ್ತ ಹವಳದ ಕಾಡೂ ಇತ್ತು. ಸಮುದ್ರ ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2010ರಲ್ಲಿ ಮತ್ತು 2016ರಲ್ಲಿ ಅಂಡಮಾನಿಗೆ ಆ ಪೆಟ್ಟು ಬಿದ್ದಿದೆ. ಛಾಯಾಚಿತ್ರಗಳಲ್ಲಿ ಆ ಭಾಗವನ್ನು ಯಾರೂ ತೆಗೆಯುವುದಿಲ್ಲ.

ಮೇಲೆ ಬಂದಾಗ ಇವರು ದಡದಲ್ಲಿ ಎರಡನೇ ಎಳನೀರು ಮುಗಿಸುತ್ತಿದ್ದರು. ಏನು ಕಂಡಿತು ಎಂದು ಕೇಳಿದರು. ನಾನು ಸಂಜೆಯವರೆಗೂ ಹೇಳಿದೆ.

ಆ ಸಂಜೆ ಐದನೇ ನಂಬರಿನ ತೀರದಲ್ಲಿ ಇಳಿತವಿತ್ತು. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ದೋಣಿ ವಾರೆಯಾಗಿ ಮಲಗಿತ್ತು. ನೀರು ಕೂಗಳತೆಯ ದೂರಕ್ಕೆ ಹೋಗಿತ್ತು. ಅಲ್ಲಿ ಸನ್ಯಾಸಿ ಏಡಿಗಳ ಸಂತೆ. ಒಂದು ಏಡಿ ಖಾಲಿ ಶಂಖವೊಂದನ್ನು ಕಾಲಿನಿಂದ ತಿರುಗಿಸಿ, ಒಳಗೆ ಕೊಂಡಿ ಹಾಕಿ ತಡವಿ, ಮತ್ತೆ ತಿರುಗಿಸಿ ನೋಡಿತು. ಕೊನೆಗೆ ತನ್ನ ಮನೆಯಿಂದ ಬೆತ್ತಲೆ ಬಾಲ ಎಳೆದುಕೊಂಡು ಕಣ್ಣು ಮಿಟುಕಿಸುವುದರೊಳಗೆ ಹೊಸದರೊಳಗೆ ಸೇರಿತು. ಅದು ಬಿಟ್ಟ ಮನೆಗೆ ಇನ್ನೊಂದು ಸಣ್ಣ ಏಡಿ ಕಾದು ನಿಂತಿತ್ತು. ಈ ತೀರಗಳಿಂದ ಶಂಖ, ಚಿಪ್ಪು ಎತ್ತಿಕೊಂಡು ಹೋಗಬಾರದು ಎನ್ನುವ ನಿಯಮ ಯಾಕಿದೆ ಎಂದು ಆಮೇಲೆ ಯಾರೂ ನನಗೆ ವಿವರಿಸಬೇಕಾಗಲಿಲ್ಲ. ಅಂದು ಹೊಸ್ತಿಲ ಹುಣ್ಣಿಮೆ. ಸೂರ್ಯ ಕಾಡಿನ ಹಿಂದೆ ಹೋದ ಬೆನ್ನಿಗೇ ಚಂದ್ರ ಸಮುದ್ರದಿಂದ ಎದ್ದ. ಈ ಸಲ ಎಣ್ಣೆ ಹಚ್ಚಿಕೊಂಡೇ ಹೋಗಿದ್ದೆವು.

ಶುಕ್ರವಾರ, ಮಳೆ

ಮಧ್ಯಾಹ್ನ ನೀಲ್‌ಗೆ ಹೋಗುವ ದೋಣಿ. ಬೆಳಗಿನ ಜಾವ ತಗಡಿನ ಮೇಲೆ ಮಳೆ ಶುರುವಾಯಿತು. ಈ ದ್ವೀಪಗಳಿಗೆ ಎರಡೂ ಮುಂಗಾರು ಹಿಂಗಾರುಗಳ ಪಾಲು ಸಿಗುತ್ತದೆ. ಡಿಸೆಂಬರಿನಲ್ಲೂ ಬಂಗಾಳ ಕೊಲ್ಲಿ ಮುನಿಸಿಕೊಂಡರೆ ಹೀಗೆ. ಹತ್ತು ಗಂಟೆಗೆ ಸುದ್ದಿ ಬಂತು, ದೋಣಿ ರದ್ದು. ಇವರು ಕೈಯಲ್ಲಿದ್ದ ಹಾಳೆಯನ್ನು, ಅಂದರೆ ತಾವೇ ಗೆರೆ ಎಳೆದು ತಯಾರಿಸಿದ್ದ ವೇಳಾಪಟ್ಟಿಯನ್ನು, ಎರಡು ಸಲ ಓದಿ ಮಡಚಿದರು. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ, ವಿದ್ಯುತ್ತೂ ಹೋಯಿತು. ಚೆನ್ನೈನಿಂದ ಸಮುದ್ರದ ತಳದಲ್ಲಿ ಕೇಬಲ್ ಎಳೆದು 2020ರ ಆಗಸ್ಟಿನಲ್ಲಿ ಉದ್ಘಾಟಿಸಿದ ಮೇಲೆ ಇಲ್ಲಿನ ಇಂಟರ್ನೆಟ್ ಬಹಳ ಸುಧಾರಿಸಿದೆ ಎನ್ನುತ್ತಾರೆ. ಆ ದಿನ ಅದಕ್ಕೂ ರಜೆ. ಕೈಯಲ್ಲಿ ನೋಟುಗಳಿದ್ದುದರಿಂದ ಊಟ ಸಿಕ್ಕಿತು.

ಸಂತೆಬೀದಿಯ ಅಂಚಿನಲ್ಲಿ ಬಂಗಾಳಿ ದೀದಿಯೊಬ್ಬರ ಸಣ್ಣ ಹೋಟೆಲು. ಮೂರು ಮೇಜು, ಹೊರಗೆ ಸೋರುವ ಚಪ್ಪರ. ಮೀನಿಲ್ಲದ ಊಟ ಕೇಳಿದ್ದಕ್ಕೆ ಆಕೆ ನಮ್ಮನ್ನು ಕನಿಕರದಿಂದ ನೋಡಿದರು. ಆಮೇಲೆ ಹಿತ್ತಿಲಿಗೆ ಹೋಗಿ ಒಂದು ಬಾಳೆ ಹೂವು ಕೊಯ್ದು ತಂದರು. "ಕಾಯುತ್ತೀರಾ? ಇದು ಬೇಗ ಆಗುವುದಲ್ಲ." ಕಾಯುವುದಲ್ಲದೆ ನಮಗೆ ಬೇರೆ ಕೆಲಸವೇನಿತ್ತು? ನಾನೂ ಎದುರಿಗೆ ಕೂತು ಹೂವಿನೊಳಗಿನ ನಾರು ತೆಗೆದುಕೊಟ್ಟೆ. ಕೈ ಕಪ್ಪಾಗದಿರಲಿ ಎಂದು ಆಕೆ ನನ್ನ ಬೆರಳಿಗೂ ಸಾಸಿವೆ ಎಣ್ಣೆ ಸವರಿದರು.

ಅವರ ಮಾವ ಹುಡುಗನಾಗಿದ್ದಾಗ ಕೋಲ್ಕತ್ತದಿಂದ ಹಡಗಿನಲ್ಲಿ ಬಂದವರಂತೆ. ಬಂದಾಗ ಇಲ್ಲಿ ಹೊಲವಿರಲಿಲ್ಲ, ಕಾಡು ಮಾತ್ರ. ಮರ ಎಳೆಯಲು ಆನೆಗಳಿದ್ದವು. "ಮಾವ ಹೇಳುತ್ತಿದ್ದರು ದೀದಿ, ಮೊದಲ ವರ್ಷ ಎಲ್ಲರೂ ಸಂಜೆ ದಡದಲ್ಲಿ ಕೂತು ಅಳುತ್ತಿದ್ದರಂತೆ. ಎರಡನೇ ವರ್ಷ ಭತ್ತ ಬಂತು. ಆಮೇಲೆ ದಡಕ್ಕೆ ಹೋಗಲು ಯಾರಿಗೂ ಪುರುಸೊತ್ತಿರಲಿಲ್ಲ." ಈಗ ಅದೇ ದಡದಲ್ಲಿ ಕೂರಲು ನಾವು ವಿಮಾನದಲ್ಲಿ ಬರುತ್ತೇವೆ. ಮಗ ಜೆಟ್ಟಿಯಲ್ಲಿ ಕೆಲಸ, ಮಗಳು ಪೋರ್ಟ್ ಬ್ಲೇರಿನಲ್ಲಿ ಓದು. ಹಳೆಯ ಊರು ನೋಡಬೇಕೆನಿಸುವುದಿಲ್ಲವೇ ಎಂದು ಇವರು ಕೇಳಿದರು. ಆಕೆ ಬಾಣಲೆ ಕೆದಕುತ್ತ, "ನನ್ನ ಊರು ಮೂರನೇ ನಂಬರು" ಎಂದರು.

ಬಾಳೆ ಹೂವಿನ ಪಲ್ಯ, ಬದನೆಕಾಯಿ ಹುರಿದದ್ದು, ತೆಳ್ಳಗಿನ ಚನ್ನಂಗಿ ಬೇಳೆ ಸಾರು, ದಪ್ಪಕ್ಕಿ ಅನ್ನ. ಇಡೀ ಪ್ರವಾಸದಲ್ಲಿ ಅದಕ್ಕಿಂತ ಒಳ್ಳೆಯ ಊಟ ಸಿಗಲಿಲ್ಲ. ಕೊನೆಯಲ್ಲಿ ಇವರು ಸಾರನ್ನು ಬಟ್ಟಲಿನಲ್ಲಿ ಹಾಕಿಸಿಕೊಂಡು ಕುಡಿದರು, ಮನೆಯಲ್ಲಿ ಕುಡಿಯುವ ಹಾಗೆಯೇ.

ಶನಿವಾರ, ನೀಲ್

ಸಮುದ್ರ ಶಾಂತವಾಯಿತು, ದೋಣಿ ಹೊರಟಿತು. ಹ್ಯಾವ್‌ಲಾಕ್ ಭಾಗವತವಾದರೆ ನೀಲ್ ರಾಮಾಯಣ: ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಅಷ್ಟು ಸಣ್ಣ ದ್ವೀಪದಲ್ಲಿ ಸ್ಕೂಟರ್ ಬೇಡವೆಂದು ಸೈಕಲ್ ಹಿಡಿದೆವು. ಏರುದಾರಿ ಬಂದಲ್ಲೆಲ್ಲ ತಳ್ಳಿಕೊಂಡು ನಡೆದೆವು, ತಳ್ಳಿಕೊಂಡು ನಡೆದಲ್ಲೆಲ್ಲ ಯಾರಾದರೂ ಮಾತಿಗೆ ಸಿಕ್ಕರು. ಸುತ್ತಲಿನ ದ್ವೀಪಗಳಿಗೆ ತರಕಾರಿ ಹೋಗುವುದು ಇಲ್ಲಿಂದ. ಹೀರೆ, ಹಾಗಲ, ಬೆಂಡೆಯ ಚಪ್ಪರಗಳು ಸಮುದ್ರದ ಅಂಚಿನವರೆಗೂ. ಒಬ್ಬ ಅಜ್ಜ ಹಣ ತೆಗೆದುಕೊಳ್ಳದೆ ಎರಡು ಎಳೆಸೌತೆ ಕೊಟ್ಟು, ಉಪ್ಪು ಬೇಕಿದ್ದರೆ ಅಲ್ಲೇ ಇದೆಯಲ್ಲ ಎಂದು ಸಮುದ್ರ ತೋರಿಸಿದ.

ನಾಳೆ ಕಲ್ಲಿನ ಸೇತುವೆಗೆ ಎಷ್ಟು ಗಂಟೆಗೆ ಹೋಗಬೇಕು ಎಂದು ಇವರು ಕೇಳಿದ್ದು ಅವನನ್ನೇ. ಅಜ್ಜ ಆಕಾಶ ನೋಡಲಿಲ್ಲ, ಗಡಿಯಾರ ನೋಡಲಿಲ್ಲ. ಹುಣ್ಣಿಮೆಯಿಂದ ಬೆರಳು ಮಡಚಿ ಎಣಿಸಿ, ಬೆಳಿಗ್ಗೆ ಆರಕ್ಕೆ ನೀರು ಕೆಳಗಿರುತ್ತದೆ ಎಂದ. ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಇಳಿತ ಮುಂದೆ ಸರಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಹೋಗುತ್ತದೆ. ವಸತಿಗೃಹದ ಗೋಡೆಯ ಮೇಲಿದ್ದ ಪಟ್ಟಿಯೂ ಅದನ್ನೇ ಹೇಳಿತು. ಇವರು ತಮ್ಮ ಹಾಳೆ ತೆಗೆದು, ಹೊಡೆದುಹಾಕಿ, ಅಜ್ಜ ಹೇಳಿದ ಸಮಯ ಬರೆದುಕೊಂಡರು.

ಭಾನುವಾರ, ನೀಲ್

ಐದೂವರೆಗೆ ಲಕ್ಷ್ಮಣಪುರದ ಆಚೆ ಬದಿಯಲ್ಲಿದ್ದೆವು. ಅಲೆ ಕೊರೆದು ಕೊರೆದು ನಡುವೆ ತೂತಾದ ಹವಳದ ಕಲ್ಲಿನ ಕಮಾನು. ಊರವರು ಹೌರಾ ಸೇತುವೆ ಎಂದೇ ಕರೆಯುತ್ತಾರೆ. ಕಮಾನಿಗಿಂತ ನನಗೆ ಅದರ ಕೆಳಗಿನ ನೆಲವೇ ಹೆಚ್ಚು ಹಿಡಿಸಿತು. ಸಮುದ್ರ ಬಿಟ್ಟು ಹೋದ ಗುಂಡಿಗಳಲ್ಲಿ ಅದರ ಸಂಸಾರ: ಕಪ್ಪು ಸೌತೆಕಾಯಿಯಂಥ ಜೀವಿ, ಬಂಡೆಗೆ ಅಂಟಿದ ಕಡಲಹೂ, ಬೆರಳಿನಷ್ಟು ಹಾವುಮೀನು. ಜೊತೆಗೆ ಬಂದ ಹುಡುಗ ಎಲ್ಲವನ್ನೂ ತೋರಿಸಿದ, ಯಾವುದನ್ನೂ ಮುಟ್ಟಲು ಬಿಡಲಿಲ್ಲ. ಹವಳದ ಕಲ್ಲು ಬ್ಲೇಡಿನಂತಿರುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು. ಹಿಂದೆ ಪಟ್ಟಿ ಇರುವ, ಅಡಿ ದಪ್ಪಗಿರುವ ಚಪ್ಪಲಿ ಬೇಕು. ಏಳೂವರೆಗೆ ನೀರು ಮರಳಿ ಬರಲು ಶುರುವಾಯಿತು. ಆಗ ತಾನೇ ಬಸ್ಸಿನಿಂದಿಳಿದ ದೊಡ್ಡ ಗುಂಪೊಂದು ಅವಸರವಸರವಾಗಿ ಕೆಳಗಿಳಿಯುತ್ತಿತ್ತು. ಇವರು ಮೊದಲ ಬಾರಿಗೆ ಗಡಿಯಾರದ ವಿಷಯದಲ್ಲಿ ಹೆಮ್ಮೆಯಿಂದ ನಕ್ಕರು.

ಮಧ್ಯಾಹ್ನದ ದೋಣಿಗೆ ಪೋರ್ಟ್ ಬ್ಲೇರ್. ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗೆ ಹೋಗಿ ಬನ್ನಿ, ದಾರಿಯಲ್ಲಿ ಜಾರವಾ ಬುಡಕಟ್ಟಿನವರೂ ಕಾಣಿಸಬಹುದು ಎಂದು ಹೋಟೆಲಿನಲ್ಲೊಬ್ಬರು ಒತ್ತಾಯಿಸಿದರು. ಗುಹೆಯ ಆಸೆ ಇತ್ತು. ಆದರೆ ಆ ಎರಡನೆಯ ಮಾತು ಕೇಳಿದ ಮೇಲೆ ಬೇಡವೆನಿಸಿತು. ಜಾರವಾಗಳ ಕಾಡನ್ನು ಸೀಳಿಕೊಂಡು ಹೋಗುವ ಆ ರಸ್ತೆಯನ್ನು ಮುಚ್ಚಬೇಕೆಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಕಾವಲಿನೊಂದಿಗೆ ವಾಹನಗಳ ಸಾಲು ಈಗಲೂ ಹೋಗುತ್ತದೆ. ಫೋಟೊ ತೆಗೆಯುವಂತಿಲ್ಲ, ನಿಲ್ಲಿಸುವಂತಿಲ್ಲ. ಆದರೂ ಕಿಟಕಿಗೆ ಮುಖವಿಟ್ಟು ಮನುಷ್ಯರನ್ನು ಹುಡುಕುವುದೇ ಆ ಪ್ರಯಾಣದ ಒಳಗುಟ್ಟು. ಗುಹೆಗಳನ್ನು ಬೇರೆ ಕಡೆ ನೋಡಿಕೊಳ್ಳಬಹುದು.

ಸೋಮವಾರ, ರಾಸ್

ಊರಿನ ಜೆಟ್ಟಿಯಿಂದ ಕಣ್ಣಳತೆಯಲ್ಲೇ ರಾಸ್ ದ್ವೀಪ. ಬ್ರಿಟಿಷರು ಇಡೀ ಅಂಡಮಾನನ್ನು ಆಳಿದ್ದು ಇಲ್ಲಿ ಕೂತು. ಆಚೆ ದಡದಲ್ಲಿ ಜೈಲು, ಈಚೆ ದಡದಲ್ಲಿ ನೃತ್ಯಶಾಲೆ, ಬೇಕರಿ, ಚರ್ಚು. 1941ರ ಭೂಕಂಪ, ಮರುವರ್ಷ ಜಪಾನಿಯರ ಆಕ್ರಮಣ. ಆಮೇಲೆ ಆಲದ ಬೇರುಗಳ ರಾಜ್ಯ. ಚರ್ಚಿನ ಗೋಡೆಯನ್ನು ಬೇರುಗಳೇ ಹಿಡಿದು ನಿಲ್ಲಿಸಿವೆ, ಅವನ್ನು ಕಡಿದರೆ ಗೋಡೆ ಬೀಳುತ್ತದೆ. ಬ್ರಿಟಿಷರು ತಂದು ಬಿಟ್ಟ ಜಿಂಕೆಗಳ ಸಂತತಿ ಎಳನೀರಿನ ಬುರುಡೆಗೆ ಬಾಯಿ ಹಾಕುತ್ತ ಜನರ ನಡುವೆಯೇ ಓಡಾಡುತ್ತದೆ. ಒಂದು ಜಿಂಕೆ ಇವರ ಜೇಬಿನಿಂದ ಆ ಪ್ರಸಿದ್ಧ ಹಾಳೆಯನ್ನು ಎಳೆದು ಅರ್ಧ ತಿಂದಿತು. ನಾನು ತಡೆಯಲು ಹೋಗಲಿಲ್ಲ.

ಮಂಗಳವಾರ

ವಿಮಾನ ನಿಲ್ದಾಣಕ್ಕೆ ಬಿಡಲು ಬಂದವನು ಮೊದಲ ದಿನದ ಹುಡುಗನೇ. ಮನೆಯಲ್ಲಿ ಮಲಯಾಳ, ಹೊರಗೆ ಹಿಂದಿ. 1921ರ ಮಲಬಾರ್ ದಂಗೆಯ ನಂತರ ಇಲ್ಲಿಗೆ ಗಡೀಪಾರಾದ ಮಾಪಿಳ್ಳೆಯರ ಮನೆತನ ಅವನದು. ಅವರು ನೆಲೆಸಿದ ಹಳ್ಳಿಗಳಿಗೆ ಬಿಟ್ಟುಬಂದ ಊರುಗಳದೇ ಹೆಸರು: ವಂಡೂರ್, ಮಂಜೇರಿ, ಕ್ಯಾಲಿಕಟ್. "ನಾನು ಕ್ಯಾಲಿಕಟ್‌ನವನು ಆಂಟಿ, ಕೇರಳ ಮಾತ್ರ ನೋಡಿಲ್ಲ" ಎಂದು ಅವನು ಹೇಳಿದ್ದು ತಮಾಷೆಯೋ ದುಃಖವೋ ಗೊತ್ತಾಗಲಿಲ್ಲ.

ಭದ್ರತಾ ತಪಾಸಣೆಯಲ್ಲಿ ನಮ್ಮ ಮುಂದಿದ್ದವರ ಚೀಲದಿಂದ ಹವಳದ ತುಂಡುಗಳನ್ನು ತೆಗೆಸಿದರು. ಮಗುವಿನ ಆಟಕ್ಕೆ ತಂದದ್ದು ಎಂದು ಅವರು, ಆಗುವುದಿಲ್ಲ ಎಂದು ತಪಾಸಣೆಯವರು. ವಾದ ಸಾಗುತ್ತಿರುವಾಗ ನಮ್ಮವರು ನನ್ನ ಪಕ್ಕದಲ್ಲಿ ಮೆಲ್ಲಗೆ ಬೇರೆಯೇ ವಿಷಯ ತೆಗೆದರು. ಆ ಹುಡುಗ ಉತ್ತರದ ದಿಗ್ಲಿಪುರದ ಬಗ್ಗೆ ಹೇಳಿದ್ದಾನೆ: ಅಲ್ಲಿ 732 ಮೀಟರ್ ಎತ್ತರದ ಸ್ಯಾಡಲ್ ಪೀಕ್ ಇದೆ, ಚಳಿಗಾಲದ ರಾತ್ರಿಗಳಲ್ಲಿ ಕಾಲಿಪುರದ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ.

"ರಸ್ತೆಯಲ್ಲಿ ಹೋದರೆ ಜಾರವಾಗಳ ಕಾಡು ದಾಟಬೇಕಲ್ಲ" ಎಂದೆ.

"ಹಡಗಿದೆಯಂತೆ. ರಾತ್ರಿ ಹೊರಟರೆ ಬೆಳಿಗ್ಗೆ ಅಲ್ಲಿ."

"ಎಷ್ಟು ಗಂಟೆಗೆ?"

"ಅದನ್ನೇ ಕೇಳಿದೆ. ಸಮುದ್ರ ಬಿಟ್ಟಾಗ ಎಂದ" ಎಂದರು. ಕೇಳಿ ಬರೆದುಕೊಳ್ಳಲು ಅವರ ಬಳಿ ಹಾಳೆಯಿರಲಿಲ್ಲ.